ಏರ್‌ಗನ್ನಿನ ಬ್ರೀಚ್ ಸೀಲ್ ಸವದ್ರ ಬದಲಿ ಮಾಡೂದು ಹೆಂಗ?

ಹತ್ತು ಮೀಟರ್ ದೂರದ ಕಾರ್ಡಿನ ನಡುವ ಬೀಳ್ತಿದ್ದ ಪೆಲೆಟ್ (ಏರ್‌ಗನ್ನಿನ ಸಣ್ಣ ಗುಂಡು) ಈಗ ಕೆಳಗ ಬೀಳಾಕ ಹತ್ತೇತಿ ಅಂದ್ರ ಭಾಳ ಮಂದಿ ಮೊದಲ ಗುರಿ ಹಿಡ್ಯೋ ಸೈಟಿನ ಸ್ಕ್ರೂ ತಿರುವ್ತಾರ, ಆಮ್ಯಾಲ ಸ್ಪ್ರಿಂಗ್ ಹೋತು ಅಂತಾರ. ಆದ್ರ ಬ್ಯಾರಲ್ ಮಡಚಿ ಲೋಡ್ ಮಾಡೋ ಏರ್‌ಗನ್ನಿನ್ಯಾಗ ಎಲ್ಲಾಕ್ಕಿಂತ ಮೊದಲ ನೋಡಬೇಕಾದ್ದು ಬ್ಯಾರಲ್ಲಿನ ಹಿಂದಿನ ತುದೀಗೆ ಪೆಲೆಟ್ ಹಾಕೋ ತೂತಿನ ಸುತ್ತ ಕುಂತಿರೋ ಸಣ್ಣ ಉಂಗುರ, ಅದಕ್ಕ ಬ್ರೀಚ್ ಸೀಲ್ ಅಂತಾರ. ಹಳೇ ಗನ್ನಿಗೆ ಚರ್ಮದ್ದು ಇರತೈತಿ, ಹೊಸಾವಕ್ಕ ರಬ್ಬರಿನ ಓ-ರಿಂಗ್. ಗದಗ ಕಡೆ ಏಪ್ರಿಲ್-ಮೇ ಬಿಸಲಿಗೆ ಚರ್ಮ ಒಣಗಿ ಬಿರುಸಾಗತೈತಿ, ರಬ್ಬರ್ ಒತ್ತಿ ಒತ್ತಿ ಚಪ್ಪಟೆ ಆಗತೈತಿ, ಗಾಳಿ ಪೆಲೆಟ್ ಹಿಂದ ಹೋಗೂದ್ ಬಿಟ್ಟು ಸಂದಿಯಾಗಿಂದ ಹೊರಗ ಸೋರತೈತಿ.

ಸೋರತೈತೋ ಇಲ್ಲೋ ಮೊದಲ ಖಾತ್ರಿ ಮಾಡ್ಕೋರಿ. ಬ್ಯಾರಲ್ ಕೂಡೋ ಸಂದಿ ಮ್ಯಾಲ ತೆಳ್ಳನ್ನ ಟಿಶ್ಯೂ ಚೂರು ಇಟ್ಟು, ಉಸುಕು ತುಂಬಿದ ಚೀಲಕ್ಕ ಒಂದು ಪೆಲೆಟ್ ಹೊಡೀರಿ, ಟಿಶ್ಯೂ ಹಾರಿದ್ರ ಸೀಲ್ ಹೋಗೇತಿ. ಪೆಲೆಟ್ ಇಲ್ಲದ ಖಾಲಿ ಮಾತ್ರ ಹೊಡೀಬ್ಯಾಡ್ರಿ, ಮುಂದ ತಡ್ಯಾಕ ಏನೂ ಇಲ್ಲದ, ಗನ್ನಿನ ಒಳಗ ಗಾಳಿ ಒತ್ತೋ ಪಿಸ್ಟನ್ ಜೋರಾಗಿ ಹೋಗಿ ಬಡಿದು ತನ್ನ ಸೀಲನ್ನ ಹಾಳ್ ಮಾಡ್ಕೋತೈತಿ.

ಈಗ ಕೆಲಸ. ಕಣ್ಣಿಗೆ ಚಶ್ಮಾ ಹಾಕ್ರಿ, ಪೆಲೆಟ್ ಒಳಗ ಇಲ್ಲ ಅಂತ ನೋಡ್ರಿ. ಬ್ಯಾರಲ್ ಪೂರಾ ಮಡಚಬ್ಯಾಡ್ರಿ, ಪೂರಾ ಮಡಚಿದ್ರ ಗನ್ ಕಾಕ್ ಆಗತೈತಿ (ಸ್ಪ್ರಿಂಗ್ ಬಿಗಿದು ಹೊಡ್ಯಾಕ ತಯಾರಾಗತೈತಿ), ಆವಾಗ ಟ್ರಿಗರ್ ಎಳದ್ರ ಬ್ಯಾರಲ್ ರಪ್ಪಂತ ವಾಪಸ್ ಬಂದು ಬೆರಳು ಜಜ್ಜತೈತಿ, ಇದನ್ನ ನಾ ಒತ್ತಿ ಹೇಳ್ತೇನಿ. ಸೀಲ್ ಕಾಣೋವಷ್ಟು ಮಾತ್ರ ಬಾಯಿ ತೆರೀರಿ, ಆವಾಗೂ ಇನ್ನೊಬ್ಬರಿಗೆ ಬ್ಯಾರಲ್ ಗಟ್ಟಿ ಹಿಡ್ಕೊಳ್ಳಾಕ ಹೇಳ್ರಿ.

ಹಳೇ ಸೀಲನ್ನ ಕಟ್ಟಿಗೆ ಟೂತ್‌ಪಿಕ್ಕಿನಿಂದ ಎಬ್ಬಿಸ್ರಿ. ಸೂಜಿ, ಸ್ಕ್ರೂಡ್ರೈವರ್ ಬ್ಯಾಡ, ಸೀಲ್ ಕೂಡೋ ತೋಡಿನ್ಯಾಗ ಗೀರು ಬಿದ್ರ ಹೊಸ ಸೀಲೂ ಸೋರತೈತಿ. ತೋಡು ಒಣ ಬಟ್ಟೀಲೆ ಒರೆಸ್ರಿ. ಹೊಸಾದು ಆ ಗನ್ನಿನ ಕಂಪನೀದ ಸಿಕ್ಕರ ಚಲೋ, ಸಿಗಲಿಲ್ಲ ಅಂದ್ರ ಹಳೇದನ್ನ ತಗೊಂಡು ಹೋಗಿ ಹುಬ್ಬಳ್ಳಿ ಪೇಟೆಯಾಗ ಓ-ರಿಂಗ್ ಮಾರೋರ ಹಂತೇಕ ಒಳಗಿನ ಅಳತಿ, ಹೊರಗಿನ ಅಳತಿ, ದಪ್ಪ ಮೂರೂ ವರ್ನಿಯರ್‌ನ್ಯಾಗ ಹಿಡಿದು ತಗೋರಿ, ಚಪ್ಪಟೆ ಆಗಿರೋ ಹಳೇದು ದಪ್ಪದಾಗ ಕಮ್ಮೀನ ತೋರಸತೈತಿ ಅನ್ನೂದ್ ಮನಸ್ಸಿನ್ಯಾಗ ಇಟ್ಕೋರಿ.

ಬೆರಳಿಲೆ ಸುತ್ತ ಸಮಾ ಒತ್ತಿ ಕೂಡಸ್ರಿ, ತಿರುಚಬಾರದು. ಕುಂತ ಮ್ಯಾಲ ಅದು ಬ್ಯಾರಲ್ ಮುಖಕ್ಕಿಂತ ಒಂಚೂರು ಮ್ಯಾಲ ಇರಬೇಕು, ಕೆಳಗಿದ್ರ ತೋಡಿನ್ಯಾಗ ತೆಳ್ಳನ್ನ ಪ್ಲಾಸ್ಟಿಕ್ಕಿನ ಉಂಗುರ ಕತ್ತರಿಸಿ ಹಾಕ್ರಿ, ಅತೀ ಮ್ಯಾಲ ಇದ್ರ ಬ್ಯಾರಲ್ ಪೂರಾ ಮುಚ್ಚೂದಿಲ್ಲ. ಹಚ್ಚೂದಾದ್ರ ಸಿಲಿಕೋನ್ ಗ್ರೀಸ್ ಸವರಿದ್ರ ಸಾಕು. ಹೊಲಿಗಿ ಮಷೀನ್ ಎಣ್ಣೆ ಗಾಳಿ ದಾರಿಗೆ ಹೋಗಬಾರದು, ಒತ್ತಡದ ಬಿಸಿಗೆ ಒಳಗ ಹತ್ತಿಕೊಂಡು ಡೀಸೆಲ್ ಎಂಜಿನ್ ಗತೆ ಢಬ್ ಅಂತೈತಿ.

ಸ್ಪ್ರಿಂಗ್ ಬದಲಿ ಬ್ಯಾರೇ ಮಾತು, ಅದು ಕಾಕ್ ಮಾಡದಿದ್ರೂ ಒತ್ತಿಕೊಂಡೇ ಇರತೈತಿ, ಸ್ಪ್ರಿಂಗ್ ಒತ್ತಿ ಹಿಡ್ಯೋ ಕಂಪ್ರೆಸರ್ ಇಲ್ಲದ ಪಿನ್ ತೆಗದ್ರ ಮುಖಕ್ಕ ಹಾರತೈತಿ. ಜೋರ್ ಸ್ಪ್ರಿಂಗ್ ಹಾಕ್ಸೋ ಆಸೆ ಅಂತೂ ಬ್ಯಾಡ್ರಿ: 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಬ್ಯಾರಲ್ ತೂತು (ಬೋರ್) 4.5 ಎಂಎಂ, ಪೆಲೆಟ್ ಹೊರಗ ಬೀಳೋ ಶಕ್ತಿ 20 ಜೂಲ್ ಒಳಗಿದ್ರ ಮಾತ್ರ ಲೈಸೆನ್ಸಿನಿಂದ ವಿನಾಯಿತಿ, ದಾಟಿದ್ರ ಅದು ಲೈಸೆನ್ಸ್ ಬೇಕಾಗೋ ಹತಾರ.

ಇನ್ನ ಟೆಸ್ಟ್ ಮಾಡೂದಂದ್ರ ಹೊಲದಾಗ ಹಕ್ಕಿಗೆ ಗುರಿ ಇಡೂದಲ್ಲ. ಚಳಿಗಾಲಕ್ಕ ಗದಗ ಜಿಲ್ಲಾದ ಮಾಗಡಿ ಕೆರೀಗೆ ಪಟ್ಟೆತಲೆ ಹೆಬ್ಬಾತು ಅಷ್ಟು ದೂರದಿಂದ ಬರ್ತಾವ, ನವಿಲಂತೂ ಎಲ್ಲಾ ಕಡೆ ಅದಾವ, 1972ರ ವನ್ಯಜೀವಿ ಕಾಯ್ದೆ ಏರ್‌ಗನ್ನಿಗೂ ಅಷ್ಟೇ ಅನ್ವಯ. ಉಸುಕಿನ ಚೀಲದ ಮುಂದ ಕಾರ್ಡ್ ಹಚ್ಚಿ ಹತ್ತು-ಹದಿನೈದು ಪೆಲೆಟ್ ಹೊಡದು ಸೀಲ್ ಕೂಡಾಕ ಬಿಡ್ರಿ, ಆಮ್ಯಾಲ ಟಿಶ್ಯೂ ಇಟ್ಟು ಮತ್ತ ನೋಡ್ರಿ. ಹಾರಲಿಲ್ಲ ಅಂದ್ರ ಒಂದ ಗುರಿಗೆ ಐದು ಪೆಲೆಟ್ ಹೊಡದು ಗುಂಪು ಎಲ್ಲಿ ಬೀಳತೈತಿ ನೋಡ್ರಿ, ಸೈಟ್ ಸ್ಕ್ರೂ ಮುಟ್ಟೂದು ಆವಾಗ. ಪೆಲೆಟ್ ಸೀಸದ್ದು, ಕೈ ಸೋಪ್ ಹಚ್ಚಿ ತೊಳಕೊಂಡ ಮ್ಯಾಲ ಊಟಕ್ಕ ಕುಂದರ್ರಿ.