ಕುಮಟೆಯ ಉಪ್ಪುಗಾಳಿಯಲ್ಲಿ ರೇಡಿಯೊಗ್ರಾಮ್ ಸಾಕುವ ಬಗೆ

ಕುಮಟೆಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಹದಿನಾಲ್ಕು ವರ್ಷದ ಹಿಂದೆ ಸಿದ್ದಾಪುರದ ಕಡೆ ಒಂದು ತೋಟದ ಮನೆಗೆ ಪಂಪ್‌ಸೆಟ್ ನೋಡಲು ಹೋಗಿದ್ದೆ. ಮೆತ್ತಿನ (ಮರದ ಅಟ್ಟದ) ಮೇಲೆ, ಅಡಿಕೆ ಚೀಲಗಳ ಹಿಂದೆ, ನಾಲ್ಕು ಕಾಲಿನ ಮರದ ಪೆಟ್ಟಿಗೆ ಕಂಡಿತು. ಮೊದಲು ಹೊಲಿಗೆ ಮಷಿನ್ ಅಂದುಕೊಂಡೆ. ಮುಚ್ಚಳ ಎತ್ತಿದರೆ ಒಂದು ಬದಿ ರೇಡಿಯೊ, ಇನ್ನೊಂದು ಬದಿ ಹಾಡಿನ ಪ್ಲೇಟು ಹಾಕುವ ಜಾಗ, ಕೆಳಗೆ ದೊಡ್ಡ ಸ್ಪೀಕರ್. ರೇಡಿಯೊಗ್ರಾಮ್! ನಾನು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದದ್ದು ಮನೆಯ ಆಯಿಗೆ ಕಂಡಿರಬೇಕು. "ತಮಾ, ಅದ್ರ ಮುಳ್ಳಿನ ಡಬ್ಬಿನೂ ಇದ್ದು, ತಗಂಡು ಹೋಗು" ಅಂದರು. ಪಂಪಿನ ಕೂಲಿಯಲ್ಲಿ ಅದರ ಬೆಲೆ ಮುರಿದುಕೊಂಡೆವು. ಅಲ್ಲಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ನಮ್ಮ ಜಿಲ್ಲೆಯಲ್ಲಿ ಇಂಥದ್ದು ಕೊಳ್ಳಲು ಹೊರಟವರು ಮೊದಲು ನೋಡಬೇಕಾದದ್ದು ವೈರನ್ನಲ್ಲ, ಮರವನ್ನು. ಹಿಂದಿನ ಹಲಗೆ ಬಿಚ್ಚಿಸಿ. ಟಾರ್ಚ್ ಹಾಕಿ ಮೂಲೆಗಳನ್ನು ನೋಡಿ. ಸಣ್ಣ ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹಿಡಿದಿದೆ ಅಂತ ಅರ್ಥ. ಬೆರಳಿನಿಂದ ಒತ್ತಿದಾಗ ಹಲಗೆ ಮೆತ್ತಗಿದ್ದರೆ ಬೇಡ ಅನ್ನಿ, ಎಷ್ಟೇ ಅಗ್ಗವಾಗಿರಲಿ. ವೈರು, ಕೆಪಾಸಿಟರ್ ಹೊಸದು ಹಾಕಬಹುದು. ಕುಟ್ಟೆ ತಿಂದ ಪೆಟ್ಟಿಗೆಗೆ ಮೊದಲಿನ ನಾದ ಮತ್ತೆ ಬರುವುದಿಲ್ಲ. ಇನ್ನೊಂದು ಮಾತು. ಘಟ್ಟದ ಮೇಲೆ ಸಿರ್ಸಿ, ಸಿದ್ದಾಪುರದ ಮನೆಗಳಲ್ಲಿ ಕಾಟ ಬೂಷ್ಟಿನದ್ದು. ಕಾರವಾರ, ಅಂಕೋಲೆ, ಹೊನ್ನಾವರದ ಸಮುದ್ರದ ಬದಿಯಲ್ಲಿ ಕಾಟ ತುಕ್ಕಿನದ್ದು. ಬೂಷ್ಟನ್ನು ಒರೆಸಬಹುದು. ತುಕ್ಕು ಒಳಗಿನ ಚಾಸಿಯನ್ನೇ (ಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟನ್ನೇ) ತಿಂದು ಹಾಕುತ್ತದೆ. ಹಾಗಾಗಿ ಎರಡರಲ್ಲಿ ಒಂದು ಆರಿಸು ಅಂದರೆ ನಾನು ಘಟ್ಟ ಹತ್ತುತ್ತೇನೆ.

ಪೆಟ್ಟಿಗೆಯೊಳಗೆ ಕಾಗದ ಪತ್ರ ಇದ್ದರೆ ಎಸೆಯಬೇಡಿ. ಆಗ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳುತ್ತಿದ್ದರು. ನನ್ನ ಪೆಟ್ಟಿಗೆಯ ಹಿಂದೆ ಆ ಪುಸ್ತಕ ಸಿಕ್ಕಿತು. ಮುದ್ರೆಯ ತಾರೀಕು ನೋಡಿಯೇ ಅದರ ವಯಸ್ಸು ತಿಳಿದದ್ದು.

ಮಾರುವವರ ಮನೆಯಲ್ಲಿ "ಒಂದು ಸಲ ಹಾಕಿ ನೋಡೋಣ" ಅಂತ ಪ್ಲಗ್ ಸಿಕ್ಕಿಸಬೇಡಿ. ಮೂವತ್ತು ನಲವತ್ತು ವರ್ಷ ಸುಮ್ನೆ ಕುಳಿತ ಕೆಪಾಸಿಟರ್‌ಗೆ ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಪ್ಲೇಟು ಕೂರುವ ತಟ್ಟೆಯನ್ನು ಕೈಯಲ್ಲಿ ತಿರುಗಿಸಿ, ಮುಳ್ಳು ಹಿಡಿದಿರುವ ಆರ್ಮ್ ಎತ್ತಿ ಇಳಿಸಿ, ಬಟನ್‌ಗಳನ್ನು ತಿರುಗಿಸಿ. ಅಷ್ಟು ಸಾಕು.

ಸಾಗಿಸುವಾಗ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಪೆಟ್ಟಿಗೆಗೆ ಕಂಬಳಿ ಸುತ್ತಿ ಟೆಂಪೊದಲ್ಲಿ ಹಾಕಿ ದೇವಿಮನೆ ಘಟ್ಟ ಇಳಿಸಿದೆ. ಹೊರಗಿನಿಂದ ಒಂದು ಗೀರೂ ಬೀಳಲಿಲ್ಲ. ಮನೆಗೆ ಬಂದು ಮುಚ್ಚಳ ತೆಗೆದರೆ ಆರ್ಮ್‌ನ ಬುಡ ಮುರಿದು ನೇತಾಡುತ್ತಿತ್ತು. ಒಂದು ವಾಲ್ವ್ (ಬಲ್ಬಿನಂಥ ಗಾಜಿನ ಬಿಡಿಭಾಗ) ಕಳಚಿ ಉರುಳಿ ಒಡೆದಿತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ. ಆಮೇಲೆ ಗೊತ್ತಾಯಿತು: ಪ್ಲೇಯರ್ ಭಾಗ ಸ್ಪ್ರಿಂಗಿನ ಮೇಲೆ ಕುಳಿತಿರುತ್ತದೆ. ಅದನ್ನು ಬಿಗಿ ಮಾಡಲು ಎರಡು ಮೂರು ಸ್ಕ್ರೂ ಇರುತ್ತವೆ. ಸಾಗಿಸುವ ಮೊದಲು ಅವನ್ನು ಬಿಗಿ ಮಾಡಿ. ಆರ್ಮನ್ನು ಅದರ ಕಂಬಕ್ಕೆ ಹತ್ತಿಯ ದಾರದಿಂದ ಕಟ್ಟಿ. ತಟ್ಟೆ ಎತ್ತಿ ಬೇರೆ ಇಡಿ. ವಾಲ್ವ್‌ಗಳನ್ನು ಒಂದೊಂದಾಗಿ ತೆಗೆದು, ಯಾವುದು ಎಲ್ಲಿಯದು ಅಂತ ಬರೆದು, ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳಿ.

ಕರೆಂಟ್ ಕೊಡುವ ಕೆಲಸಕ್ಕೆ ನಮ್ಮ ಅಂಗಡಿಯ ಸೀರೀಸ್ ಬಲ್ಬೇ ಸಾಕಾಯಿತು. ಮೋಟರ್ ಪರೀಕ್ಷೆಗೆ ಅದು ದಿನಾ ಉರಿಯುತ್ತಿರುತ್ತದೆ. 100 ವ್ಯಾಟಿನ ಹಳೇ ಬಲ್ಬು, ಎಲ್‌ಇಡಿ ಅಲ್ಲ. ಯಂತ್ರಕ್ಕೆ ಹೋಗುವ ಕರೆಂಟು ಅದರ ಮೂಲಕವೇ ಹೋಗಬೇಕು. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಜೋರಾಗಿ ಉರಿದು ಮಂದವಾದರೆ ಸಮಾಧಾನ. ಜೋರಾಗಿಯೇ ಉರಿಯುತ್ತಿದ್ದರೆ ಒಳಗೆ ಶಾರ್ಟ್ ಇದೆ, ಕೂಡಲೇ ತೆಗೆಯಿರಿ. ನನ್ನದು ಜೋರಾಗಿ ಉರಿಯಿತು. ಹಳೇ ರೇಡಿಯೊ ಗೊತ್ತಿದ್ದ ಮೆಕ್ಯಾನಿಕ್ ಒಬ್ಬರನ್ನು ಕರೆದೆ. ಅವರು ದೊಡ್ಡ ಕೆಪಾಸಿಟರ್ ಎರಡು, ಕಾಗದದ ಕೆಪಾಸಿಟರ್ ಎಲ್ಲವನ್ನೂ ಬದಲಿಸಿದರು. ಈ ಕೆಲಸ ಗೊತ್ತಿಲ್ಲದವರು ಒಳಗೆ ಕೈ ಹಾಕಲೇಬೇಡಿ. ವಾಲ್ವ್ ಸೆಟ್ಟಿನಲ್ಲಿ 250 ವೋಲ್ಟಿಗೂ ಜಾಸ್ತಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಉಳಿದಿರಬಹುದು. ಕೆಲವು ಹಳೇ ಸೆಟ್ಟುಗಳಲ್ಲಿ ಚಾಸಿಗೇ ನೇರ ಕರೆಂಟ್ ಬರುತ್ತದೆ.

ಇನ್ನು ರಬ್ಬರ್ ಚಕ್ರ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಆ ಕಾಲದ ಹೆಚ್ಚಿನ ಯಂತ್ರಗಳಲ್ಲಿ ಬೆಲ್ಟ್ ಇಲ್ಲ. ಮೋಟರಿನ ಶಾಫ್ಟಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಸಣ್ಣ ಪುಲ್ಲಿ, ಅದಕ್ಕೆ ತಾಗಿ ಒಂದು ರಬ್ಬರ್ ಚಕ್ರ, ಆ ಚಕ್ರ ತಟ್ಟೆಯ ಒಳ ಅಂಚನ್ನು ಉಜ್ಜಿ ತಿರುಗಿಸುತ್ತದೆ. ವೇಗ ಬದಲಿಸಿದಾಗ ಚಕ್ರ ಮೆಟ್ಟಿಲು ಹತ್ತಿ ಇಳಿಯುತ್ತದೆ. ತಟ್ಟೆ ಎತ್ತಿ ಇದನ್ನೊಮ್ಮೆ ನೋಡಿ, ಮೋಟರ್ ಕೆಲಸದವನಾದ ನನಗೆ ಇದು ಬಹಳ ಚಂದದ ಕೆಲಸ. ವರ್ಷಗಟ್ಟಲೆ ಬಟನ್ನನ್ನು 78ಕ್ಕೋ 33ಕ್ಕೋ (ನಿಮಿಷಕ್ಕೆ ಇಷ್ಟು ಸುತ್ತು ಅಂತ ಲೆಕ್ಕ) ಇಟ್ಟೇ ಬಿಟ್ಟರೆ ಚಕ್ರ ಪುಲ್ಲಿಗೆ ಒತ್ತಿಕೊಂಡೇ ಇದ್ದು ಆ ಜಾಗದಲ್ಲಿ ಗುಳಿ ಬೀಳುತ್ತದೆ. ಆಗ ಹಾಡಿನ ಹಿಂದೆ ಧಡ್ ಧಡ್ ಅಂತ ಒಂದೇ ಲಯದ ಸದ್ದು. ನನ್ನದರಲ್ಲಿ ಹೀಗೇ ಇತ್ತು. ಚಕ್ರ ತೆಗೆದು ಅಂಚನ್ನು ಸಣ್ಣ ಮರಳು ಕಾಗದದಲ್ಲಿ ಸಮ ಉಜ್ಜಿ, ಪುಲ್ಲಿಯನ್ನೂ ತಟ್ಟೆಯ ಒಳ ಅಂಚನ್ನೂ ಸ್ಪಿರಿಟ್‌ನಲ್ಲಿ ಒರೆಸಿದೆ. ಗಟ್ಟಿಯಾದ ಹಳೇ ಗ್ರೀಸ್ ಕೆರೆದು ತೆಗೆದು ಬೇರಿಂಗಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಎರಡು ಹನಿ ಬಿಟ್ಟೆ. ರಬ್ಬರಿಗೆ ಮಾತ್ರ ಒಂದು ಹನಿ ಎಣ್ಣೆಯೂ ತಾಗಬಾರದು.

ಮೋಟರಿನ ನೇಮ್‌ಪ್ಲೇಟ್ ಓದುವುದನ್ನು ಮರೆಯಬೇಡಿ. ಸದಾಶಿವಗಡದ ಕಡೆ, ಹಡಗಿನಲ್ಲಿ ದುಡಿದು ಬಂದವರೊಬ್ಬರ ಮನೆಯಲ್ಲಿ ಅಮೆರಿಕದ ದೊಡ್ಡ ಸ್ಟೀರಿಯೊ ಪೆಟ್ಟಿಗೆ ನೋಡಿದೆ. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸಿದ್ದರು. ಆದರೂ ಹಾಡು ಎಳೆದ ಹಾಗೆ, ಹೆಂಗಸರ ದನಿ ಗಂಡಸರ ದನಿಯ ಹಾಗೆ. ಮೋಟರಿನ ನೇಮ್‌ಪ್ಲೇಟಿನ ಮೇಲೆ 60 ಸೈಕಲ್ (ಈಗ ಹರ್ಟ್ಸ್ ಅನ್ನುತ್ತಾರೆ) ಅಂತ ಇತ್ತು. ನಮ್ಮದು 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತದೆ, ಸೈಕಲ್ ಬದಲಿಸುವುದಿಲ್ಲ; ಇಂಥ ಮೋಟರ್ ತಿರುಗುವುದು ಸೈಕಲ್ಲಿನ ಲೆಕ್ಕಕ್ಕೆ. 78 ಸುತ್ತಿನ ತಟ್ಟೆ 65ಕ್ಕೆ ಇಳಿಯುತ್ತದೆ, 33 ಸುಮಾರು 28ಕ್ಕೆ. 50 ಸೈಕಲ್ಲಿಗೆ ಹೊಂದುವ ದಪ್ಪ ಪುಲ್ಲಿ ಸಿಕ್ಕರೆ ಮಾತ್ರ ಸರಿಯಾದೀತು.

ಮುಳ್ಳಿನಲ್ಲಿ ಜಿಪುಣತನ ಬೇಡ. ಹಳೇ ಕಾರ್ಟ್ರಿಜ್‌ಗಳಲ್ಲಿ (ಆರ್ಮ್‌ನ ತುದಿಯಲ್ಲಿ ಮುಳ್ಳು ಹಿಡಿಯುವ ಭಾಗ) ಮಗುಚುವ ಮುಳ್ಳು ಇರುತ್ತದೆ: ಒಂದು ಬದಿ 78ಕ್ಕೆ, ಇನ್ನೊಂದು ಬದಿ ಎಲ್‌ಪಿಗೆ, ಅಂದರೆ 33 ಸುತ್ತಿನ ಪ್ಲೇಟಿಗೆ. 78ರ ಗೆರೆ ಅಗಲ, ಅದಕ್ಕೆ ಸುಮಾರು 3 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ತ್ರಿಜ್ಯದ ತುದಿ ಬೇಕು. ಎಲ್‌ಪಿಗೆ 1 ಮಿಲ್ ಅಥವಾ ಅದಕ್ಕೂ ಸಣ್ಣದು. ತಪ್ಪಿ ಹಾಕಿದರೆ ಪ್ಲೇಟು ಹಾಳು. ಮೊನೊ ಕಾರ್ಟ್ರಿಜ್ಜಿನಲ್ಲಿ ಸ್ಟೀರಿಯೊ ಪ್ಲೇಟು ಹಾಕಬೇಡಿ. ಅದರ ಮುಳ್ಳು ಮೇಲೆ ಕೆಳಗೆ ಸರಿಯಾಗಿ ಬಾಗುವುದಿಲ್ಲ, ಗೆರೆಯನ್ನು ಕೆರೆಯುತ್ತದೆ. ಮುಳ್ಳು ಪ್ಲೇಟಿನ ಮೇಲೆ ಹಾಕುವ ಭಾರ ನೋಡಲು ಅಕ್ಕಸಾಲಿಗರ ಹತ್ತಿರ ಇರುವಂಥ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ನನ್ನ ಸೆರಾಮಿಕ್ ಕಾರ್ಟ್ರಿಜ್‌ಗೆ 5 ಗ್ರಾಂ ಇಟ್ಟಿದ್ದೇನೆ. ಕೀಲಿ ಕೊಡುವ ಗ್ರಾಮಾಫೋನ್ ಇದ್ದವರು ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಬೇಕು. ಆಯಿ ಕೊಟ್ಟ ಡಬ್ಬಿಯಲ್ಲಿ ಇದ್ದದ್ದು ಅಂಥ ಮುಳ್ಳುಗಳೇ. ರೇಡಿಯೊಗ್ರಾಮಿಗಿಂತ ಮೊದಲು ಆ ಮನೆಯಲ್ಲಿ ಗ್ರಾಮಾಫೋನೂ ಇತ್ತಂತೆ.

ಹೊಸದಾಗಿ ಶುರು ಮಾಡುವವರಿಗೆ ಪೆಟ್ಟಿಗೆ ಇಡಲು ಜಾಗ ಇಲ್ಲದಿದ್ದರೆ ಎಚ್‌ಎಂವಿ ಫಿಯೆಸ್ಟಾದಂಥ ಸೂಟ್‌ಕೇಸ್ ಪ್ಲೇಯರ್ ಒಳ್ಳೆಯದು. ಯಾವುದೇ ಆಗಲಿ, 78 ಇದೆಯಾ ಅಂತ ಕೇಳಿ. ಎಲ್‌ಪಿ 1948ರಲ್ಲೇ ಬಂದಿದ್ದರೂ ನಮ್ಮ ದೇಶದಲ್ಲಿ 1960ರ ದಶಕದಲ್ಲೂ 78ರ ಪ್ಲೇಟು ಬರುತ್ತಿದ್ದವು. ನಮ್ಮ ಕಡೆಯ ಹಳೇ ಹಿಂದುಸ್ತಾನಿ ಗಾಯಕರ ದನಿ ಕೇಳಬೇಕೆಂದರೆ ಅವೇ ಬೇಕು. ಲೇಬಲ್ಲಿನ ಹೆಸರನ್ನು ನಿಧಾನ ಓದಿ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳಲ್ಲಿ ಗಾಂಧಾರಿ ಅಂತ ಇರುತ್ತದೆ. ಅಂಥದ್ದೊಂದು ಕುಮಟೆಯ ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕಕ್ಕೆ ಹೋಗುವುದರಲ್ಲಿತ್ತು. ಎರಡೂ ಕೈಯಲ್ಲಿ ಎತ್ತಿಕೊಂಡೆ.

ಮೈಕ್ ಸೆಟ್ಟಿನವರ ಹಳೇ ದಾಸ್ತಾನು ಸಿಕ್ಕರೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮದುವೆ ಮದುವೆಗೂ ತಿರುಗಿದ ಪ್ಲೇಟುಗಳು ಅವು. ಗೆರೆಗಳು ಹೊಳೆಯದೆ ಬೂದಿ ಬಣ್ಣಕ್ಕೆ ತಿರುಗಿದ್ದರೆ ಸವೆದಿವೆ ಎಂದೇ ಲೆಕ್ಕ.

ತೊಳೆಯುವಾಗ ಒಂದು ಎಚ್ಚರ. 78ರ ಪ್ಲೇಟು ಅರಗಿನದ್ದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಬಡಗಿಯವರು ಪಾಲಿಶ್ ಕಲಸುವುದೂ ಹಾಗೆಯೇ ಅಲ್ವಾ? ಹಾಗಾಗಿ 78ಕ್ಕೆ ಸ್ಪಿರಿಟ್ ತಾಗಿಸಬೇಡಿ. ನಿಮ್ಮ ಪೆಟ್ಟಿಗೆಗೆ ಹಳೇ ಪಾಲಿಶ್ ಇದ್ದರೆ ಅದಕ್ಕೂ ಬೇಡ. ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಮೆತ್ತನೆ ಬಟ್ಟೆ, ಗೆರೆ ಹೋದ ದಿಕ್ಕಿಗೇ ಒರೆಸಬೇಕು. ಲೇಬಲ್ ಒದ್ದೆ ಆಗಬಾರದು. ಆಮೇಲೆ ನೆರಳಲ್ಲಿ ಒಣಗಲಿ. ಬಿಸಿಲಿಗೆ ಇಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಇಡುವಾಗ ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ.

ಮಳೆಗಾಲಕ್ಕೆ ನಾನು ಮಾಡುವುದು ಇಷ್ಟೇ. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಈಚೆ ತರುತ್ತೇನೆ. ಪ್ಲಾಸ್ಟಿಕ್ ಹೊದೆಸುವುದಿಲ್ಲ, ಹತ್ತಿ ಸೀರೆ ಹೊದೆಸುತ್ತೇನೆ. ವಾರಕ್ಕೆ ಎರಡು ದಿನವಾದರೂ ಒಂದು ಗಂಟೆ ಹಾಡಿಸುತ್ತೇನೆ. ವಾಲ್ವಿನ ಬಿಸಿಗೆ ಒಳಗಿನ ತಂಡಿ ಹೋಗುತ್ತದೆ. ಗುಡುಗು ಶುರುವಾದರೆ ಪ್ಲಗ್ ಕಿತ್ತು ಏರಿಯಲ್ ವೈರನ್ನೂ ಬಿಚ್ಚಿ ಇಡುತ್ತೇನೆ.

ಇಡುವ ಜಾಗವೂ ಮುಖ್ಯ. ಹೋದ ವರ್ಷ ಸೂಟ್‌ಕೇಸ್ ಪ್ಲೇಯರ್ ಹಿಡಿದುಕೊಂಡು ಸಿದ್ದಾಪುರದ ಆಯಿ ಮನೆಗೆ ಹೋಗಿದ್ದೆ. ಮೊದಲು ಮೆತ್ತಿನ ಮೇಲೆ ಇಟ್ಟೆ. ಮರಿಮಗ ಓಡಿ ಬಂದ, ಹಲಗೆ ಅಲುಗಿತು, ಮುಳ್ಳು ಹಾರಿತು. ಕೆಳಗೆ ಜಗಲಿಗೆ ತಂದು ಗಾಂಧಾರಿಯ ಪ್ಲೇಟು ಹಾಕಿದೆ. 78ರ ಒಂದು ಬದಿಗೆ ಸುಮಾರು ಮೂರು ನಿಮಿಷ, ಒಂದು ಇಡೀ ರಾಗ ಅಷ್ಟರಲ್ಲೇ ಮುಗಿಯಬೇಕು. ಆಯಿ ಕವಳದ ತಟ್ಟೆ ಬದಿಗೆ ಸರಿಸಿ, ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇನ್ನೊಂದ್ಸಲ ಹಾಕು" ಅಂದರು. ಮುಳ್ಳನ್ನು ಎತ್ತಿ ಹೊರ ಅಂಚಿಗೆ ಇಟ್ಟೆ.