ಮೈಸೂರಿನ ಹಳೆಯ ಜಾವಾ, ಯೆಜ್ಡಿ ಕೊಳ್ಳುವ ಮುನ್ನ: ಪರಿಶೀಲನೆಯ ಕ್ರಮ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. ಆದ್ದರಿಂದ ಇಂದು ಮಾರಾಟಕ್ಕೆ ಬರುವ ಹಳೆಯ ಜಾವಾ ಅಥವಾ ಯೆಜ್ಡಿ ಯಾವುದೇ ಇರಲಿ, ಅದು ತಯಾರಕರ ಆಸರೆಯಿಲ್ಲದೆ ಮಾಲೀಕರ ಮತ್ತು ಮೆಕ್ಯಾನಿಕರ ಕೈಯಲ್ಲೇ ಇಷ್ಟು ವರ್ಷ ಉಳಿದು ಬಂದ ಬೈಕು. ಹಾಗೆ ಉಳಿಸಿಕೊಂಡವರಲ್ಲಿ ಕೆಲವರು ಪ್ರತಿಯೊಂದು ಮೂಲ ಭಾಗವನ್ನೂ ಜತನ ಮಾಡಿದ್ದಾರೆ, ಕೆಲವರು ಕೈಗೆ ಸಿಕ್ಕಿದ್ದನ್ನು ಹಾಕಿ ಓಡಿಸಿದ್ದಾರೆ. ಹೊಸದಾಗಿ ಬಣ್ಣ ಹೊಡೆಸಿ, ಕ್ರೋಮ್ ಮಾಡಿಸಿ ನಿಲ್ಲಿಸಿದಾಗ ಇವೆರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಆ ವ್ಯತ್ಯಾಸವನ್ನು ಕಂಡುಹಿಡಿಯಬೇಕಾದರೆ ಪರಿಶೀಲನೆಗೆ ಒಂದು ಕ್ರಮ ಬೇಕು. ಮೊದಲು ಕಾಗದಪತ್ರ, ಆಮೇಲೆ ಚಾಸಿ ಮತ್ತು ತಗಡಿನ ಭಾಗಗಳು, ಅದರ ನಂತರ ಎಂಜಿನ್, ಎಲ್ಲಕ್ಕಿಂತ ಕೊನೆಗೆ ಬಣ್ಣ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಎಂಜಿನ್ ಒಳಗಿನ ಕೆಲಸವನ್ನು ಒಳ್ಳೆಯ ಲೇತ್ ಇರುವ ಯಾವ ಊರಿನಲ್ಲಾದರೂ ಮಾಡಿಸಬಹುದು; ಕಳೆದುಹೋದ ಆರ್‌ಸಿಯನ್ನೂ ಮೂಲ ತಗಡಿನ ಭಾಗಗಳನ್ನೂ ಅಷ್ಟು ಸುಲಭವಾಗಿ ದೊರಕಿಸಿಕೊಳ್ಳಲಾಗದು. ಈ ಬರಹದ ಉದ್ದಕ್ಕೂ ನನ್ನ ನಿಲುವು ಇದೇ.

ನೋಡಲು ಹೋಗುವ ಮೊದಲು ಯಾವ ಮಾದರಿಯನ್ನು ನೋಡುತ್ತಿದ್ದೇವೆ ಎಂಬುದು ತಿಳಿದಿರಬೇಕು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯ ಮೇಲೆ ಮೈಸೂರಿನಲ್ಲಿ 1961ರಲ್ಲಿ ತಯಾರಿಕೆ ಆರಂಭವಾಯಿತು. ಆಗಿನ ಜಾವಾ 250 ಮೂಲದಲ್ಲಿ 353 ಎಂಬ ಮಾದರಿಗೆ ಸೇರಿದ್ದು: ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, 16 ಇಂಚಿನ ಚಕ್ರಗಳು, ಹೆಡ್‌ಲೈಟ್ ಗೂಡಿನೊಳಗೇ ಕೂರಿಸಿದ ಸ್ಪೀಡೋಮೀಟರ್. 1973ರ ನಂತರ ಅದೇ ಕಾರ್ಖಾನೆಯ ಬೈಕುಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1978ರಲ್ಲಿ 18 ಇಂಚಿನ ಚಕ್ರಗಳ ರೋಡ್‌ಕಿಂಗ್ ಬಂತು. ಹೊರನೋಟಕ್ಕೆ ಹತ್ತಿರದ ಈ ಮಾದರಿಗಳ ನಡುವೆ ಟ್ಯಾಂಕು, ಮಡ್‌ಗಾರ್ಡು, ಹ್ಯಾಂಡಲ್ಲುಗಳ ಅದಲುಬದಲು ದಶಕಗಳಿಂದ ನಡೆದಿದೆ. ಯೆಜ್ಡಿಯ ಚಾಸಿಗೆ ಜಾವಾದ ಟ್ಯಾಂಕು ಕೂರಿಸಿ ಮರೂನ್ ಬಣ್ಣ ಹೊಡೆದು ಜಾವಾ ಎಂದೇ ಮಾರುವವರಿದ್ದಾರೆ. ಬೆಲೆಯಲ್ಲಿ ದೊಡ್ಡ ಅಂತರವಿರುವುದರಿಂದ, ಆರ್‌ಸಿಯಲ್ಲಿ ನಮೂದಾದ ತಯಾರಿಕೆಯ ವರ್ಷವನ್ನೂ ಎದುರಿಗಿರುವ ಬೈಕಿನ ಲಕ್ಷಣಗಳನ್ನೂ ತಾಳೆ ನೋಡದೆ ಮಾತುಕತೆಗೆ ಇಳಿಯಬಾರದು.

ಕಾಗದಪತ್ರಗಳ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಆರ್‌ಸಿ ಯಾರ ಹೆಸರಿನಲ್ಲಿದೆ ಎಂಬುದು. ಹಳೆಯ ಬೈಕುಗಳಲ್ಲಿ ಅದು ಎಷ್ಟೋ ಸಲ ತೀರಿಕೊಂಡ ತಂದೆಯ ಅಥವಾ ಅಜ್ಜನ ಹೆಸರಿನಲ್ಲೇ ಉಳಿದಿರುತ್ತದೆ. ಅಂಥ ಸಂದರ್ಭದಲ್ಲಿ ವಾರಸುದಾರರು ಫಾರ್ಮ್ 31ರ ಮೂಲಕ ಮೊದಲು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಅದಾದ ಮೇಲಷ್ಟೇ ಫಾರ್ಮ್ 29 ಮತ್ತು 30ರ ಮೇಲೆ ಕೊಳ್ಳುವವರ ಹೆಸರಿಗೆ ಬರಬೇಕು. ‘ಸಹಿ ಮಾಡಿದ ಫಾರ್ಮ್ ಕೊಡುತ್ತೇವೆ, ನೀವೇ ಮಾಡಿಸಿಕೊಳ್ಳಿ’ ಎಂಬ ಮಾತನ್ನು ನಂಬಿ ಪೂರ್ತಿ ಹಣ ಕೊಡುವುದು ಸರಿಯಲ್ಲ. ಎರಡನೆಯದಾಗಿ, ಪುಸ್ತಕರೂಪದ ಹಳೆಯ ಆರ್‌ಸಿ ಇದ್ದ ಮಾತ್ರಕ್ಕೆ ಆ ವಾಹನದ ವಿವರ ಆರ್‌ಟಿಒ ಗಣಕಯಂತ್ರದಲ್ಲಿ ಇರುತ್ತದೆ ಎಂದೇನಿಲ್ಲ. ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಬೇಕು. ವಿವರ ಬಾರದಿದ್ದರೆ ನೋಂದಣಿಯಾದ ಆರ್‌ಟಿಒ ಕಚೇರಿಗೆ ಹೋಗಿ ಹಳೆಯ ದಾಖಲೆಯನ್ನು ಸೇರಿಸಿಸಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಮೂರನೆಯದು ಸಾಲದ ನಮೂದು. ಸಾಲ ಎಂದೋ ತೀರಿದ್ದರೂ ಅದು ಆರ್‌ಸಿಯಲ್ಲಿ ಹಾಗೆಯೇ ಉಳಿದಿದ್ದರೆ, ಬ್ಯಾಂಕಿನ ಸಹಿ ಇರುವ ಫಾರ್ಮ್ 35 ಇಲ್ಲದೆ ವರ್ಗಾವಣೆ ಮುಂದುವರಿಯದು. ಆ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿದ್ದರೆ ಪತ್ರ ಪಡೆಯುವ ಹೊಣೆಯನ್ನು ಮಾರುವವರಿಗೇ ಬಿಡುವುದು ಕ್ಷೇಮ.

ನೋಂದಣಿಯ ಅವಧಿಯನ್ನೂ ಗಮನಿಸಬೇಕು. ಸ್ವಂತ ಬಳಕೆಯ ವಾಹನದ ನೋಂದಣಿ ಮೊದಲ 15 ವರ್ಷಗಳಿಗೆ ಇರುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಫಾರ್ಮ್ 25ರ ಮೂಲಕ ನವೀಕರಿಸಿ, ಹಸಿರು ತೆರಿಗೆ ಕಟ್ಟಿ, ಬೈಕನ್ನು ಆರ್‌ಟಿಒ ಮುಂದೆ ಪರೀಕ್ಷೆಗೆ ಹಾಜರುಪಡಿಸಬೇಕು. ಐವತ್ತು ವರ್ಷ ದಾಟಿದ ಬೈಕಿಗೆ 2021ರ ನಿಯಮಗಳ ಪ್ರಕಾರ ವಿಂಟೇಜ್ ನೋಂದಣಿಯ ದಾರಿಯೂ ಇದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ ಹತ್ತು ವರ್ಷ. ಆದರೆ ಬೈಕು ಮೂಲ ರೂಪದಲ್ಲಿರಬೇಕು, ಮತ್ತು ಹಾಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ವಾರಕ್ಕೊಮ್ಮೆಯಾದರೂ ಓಡಿಸುವ ಆಸೆಯಿಂದ ಕೊಳ್ಳುವವರು ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳುವುದು ಮೇಲು. 1978ರಲ್ಲಿ ಬಂದ ರೋಡ್‌ಕಿಂಗ್ 2028ರ ತನಕ ವಿಂಟೇಜಿನ ಈ ಐವತ್ತು ವರ್ಷದ ಲೆಕ್ಕಕ್ಕೆ ಬರುವುದೇ ಇಲ್ಲ.

ಇನ್ನು ಬೈಕಿನ ಬಳಿಗೆ ಬರೋಣ. ಎಂಜಿನ್ ಸಂಖ್ಯೆ ಮತ್ತು ಚಾಸಿ ಸಂಖ್ಯೆ ಆರ್‌ಸಿಯಲ್ಲಿರುವಂತೆಯೇ ಇವೆಯೇ ಎಂದು ನೋಡಲು ಬರಿಗಣ್ಣು ಸಾಲದು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ, ತೆಳುವಾದ ಕಾಗದವನ್ನು ಒತ್ತಿ ಹಿಡಿದು ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ಅಂಕಿಗಳನ್ನು ಅರೆದು ಮತ್ತೆ ಕೊರೆದಿದ್ದರೆ ಆ ಜಾಗದ ಲೋಹ ತಗ್ಗಾಗಿರುವುದು, ಅಂಕಿಗಳ ಸಾಲು ಓರೆಯಾಗಿರುವುದು ಅಚ್ಚಿನಲ್ಲಿ ತಿಳಿಯುತ್ತದೆ. ಬಣ್ಣ ದಪ್ಪವಾಗಿ ಮೆತ್ತಿಕೊಂಡು ಅಂಕಿಗಳೇ ಕಾಣದಿದ್ದರೆ, ಅಲ್ಲಿ ಮಾತ್ರ ಬಣ್ಣ ಕೆರೆದು ತೋರಿಸುವಂತೆ ಕೇಳಲು ಸಂಕೋಚಪಡಬಾರದು. ಸಂಖ್ಯೆ ತಾಳೆಯಾಗದ ಬೈಕನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬಿಟ್ಟು ಬರಬೇಕು.

ತಗಡಿನ ಭಾಗಗಳಿಗೆ ಒಂದು ಸಣ್ಣ ಅಯಸ್ಕಾಂತ ಜೊತೆಗಿರಲಿ. ಟ್ಯಾಂಕು ಮತ್ತು ಮಡ್‌ಗಾರ್ಡುಗಳ ಮೇಲೆ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಮೆಲ್ಲಗೆ ಸರಿಸುತ್ತ ಹೋದರೆ, ಅದು ಹಿಡಿತ ಬಿಟ್ಟ ಕಡೆ ಒಳಗೆ ಪುಟ್ಟಿ ಇದೆ ಎಂದು ಅರ್ಥ. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚಿನ ಬೆಳಕಿನಲ್ಲಿ ತಳ ನೋಡಬೇಕು. ಕಂದು ಪುಡಿ ಕೂತಿದ್ದರೆ ಅದು ತುಕ್ಕು, ಮತ್ತು ಅದರ ಒಂದಷ್ಟು ಭಾಗ ಈಗಾಗಲೇ ಕಾರ್ಬುರೇಟರಿಗೆ ಇಳಿದಿರುತ್ತದೆ. ಚೈನನ್ನು ಪೂರ್ತಿ ಮುಚ್ಚುವ ಚೈನ್ ಕವರ್ ಈ ಬೈಕುಗಳ ಮುಖ್ಯ ಲಕ್ಷಣ. ಪದೇ ಪದೇ ಬಿಚ್ಚಿ ಹಾಕುವ ಬೇಸರಕ್ಕೆ ಎಷ್ಟೋ ಮಂದಿ ಅದನ್ನು ತೆಗೆದು ಬಿಸಾಡಿದ್ದಾರೆ. ಚೈನ್ ಕವರ್, ಟೂಲ್ ಬಾಕ್ಸ್‌ನ ಮುಚ್ಚಳ, ಟ್ಯಾಂಕಿನ ಮೊಣಕಾಲು ರಬ್ಬರು, ಲಾಂಛನಗಳು, ಹೆಡ್‌ಲೈಟ್ ಗೂಡು, ಸ್ಪೀಡೋಮೀಟರ್ ಇವೆಲ್ಲ ಮೂಲದ್ದೇ ಇವೆಯೇ ಎಂದು ಒಂದೊಂದಾಗಿ ಬರೆದಿಟ್ಟುಕೊಳ್ಳಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಹೊಸದಾಗಿ ಮಾಡಿದ ನಕಲು ಸಿಗಬಹುದು, ಆದರೆ ತೂಕದಲ್ಲೂ ಅಳತೆಯಲ್ಲೂ ಅದು ಮೂಲದ ಸಮಕ್ಕೆ ನಿಲ್ಲುವುದು ಅಪರೂಪ. ಎಂಜಿನ್ ದುರ್ಬಲವಾಗಿದ್ದು ಈ ಭಾಗಗಳೆಲ್ಲ ಇರುವ ಮಾಸಿದ ಬೈಕು, ಎಂಜಿನ್ ಚೆನ್ನಾಗಿದ್ದು ಇವು ಇಲ್ಲದ ಹೊಳೆಯುವ ಬೈಕಿಗಿಂತ ಉತ್ತಮ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಎಂಜಿನ್ ಪರೀಕ್ಷೆಗೆ ಒಂದೇ ಷರತ್ತು: ಅದು ತಣ್ಣಗಿರಬೇಕು. ಬರುವ ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ಮಾರುವವರಿಗೆ ಹೇಳಿರಬೇಕು. ಹೋದ ಕೂಡಲೇ ಸಿಲಿಂಡರಿನ ರೆಕ್ಕೆಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ಈ ಬೈಕುಗಳಲ್ಲಿ ಗೇರ್ ಹಾಕುವ ಲಿವರೇ ಕಿಕ್ಕರ್ ಕೂಡ. ಅದನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ಒದ್ದಾಗ ಎದುರೊತ್ತು (ಕಂಪ್ರೆಶನ್) ಸ್ಪಷ್ಟವಾಗಿ ಕಾಲಿಗೆ ತಿಳಿಯಬೇಕು. ಒದೆತ ನಡುವೆ ಜಾರಿದರೆ ಒಳಗಿನ ಹಲ್ಲುಗಳು ಸವೆದಿವೆ. ಒದ್ದ ಮೇಲೆ ಲಿವರ್ ತಾನಾಗಿ ಗೇರಿನ ಸ್ಥಾನಕ್ಕೆ ಮರಳದಿದ್ದರೆ ಸ್ಪ್ರಿಂಗು ಸೋತಿದೆ. ಎದುರೊತ್ತೇ ಇಲ್ಲದಿದ್ದರೆ ರಿಂಗು, ಪಿಸ್ಟನ್, ಬೋರು ಸವೆದಿವೆ ಎಂದು ತಿಳಿಯಬೇಕು. ಆಗ ಈ ಮೊದಲು ಎಷ್ಟು ಸಲ ಬೋರಿಂಗ್ (ಸವೆದ ಸಿಲಿಂಡರನ್ನು ಕೊರೆದು ಅಗಲಿಸುವುದು) ಆಗಿದೆ, ಈಗಿರುವ ಪಿಸ್ಟನ್ ಯಾವ ಓವರ್‌ಸೈಜಿನದು, ಅಂದರೆ ಮೂಲಕ್ಕಿಂತ ಎಷ್ಟು ದೊಡ್ಡದು, ಎಂದು ಕೇಳುವುದು ಅಗತ್ಯ. ಕೊನೆಯ ಅಳತೆಯ ತನಕ ಬಂದಿದ್ದರೆ ಮುಂದಿನ ಸಲ ಸಿಲಿಂಡರಿನೊಳಗೆ ಸ್ಲೀವ್ (ಹೊಸ ಲೋಹದ ಕೊಳವೆ) ಹಾಕಿಸಬೇಕಾದೀತು.

ಹೊಗೆ ನೋಡಿ ರೋಗ ತಿಳಿಯುವುದನ್ನು ಕಲಿತರೆ ಬಹಳಷ್ಟು ಹಣ ಉಳಿಯುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಈ ಟೂ ಸ್ಟ್ರೋಕ್ ಎಂಜಿನ್ ತಣ್ಣಗಿದ್ದಾಗ ಹೊಗೆ ಉಗುಳುವುದು ಸಹಜ, ಬಿಸಿಯಾದಂತೆ ಅದು ತೆಳುವಾಗಬೇಕು. ಹತ್ತು ನಿಮಿಷವಾದರೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲು ಹೋಗಿ ಗೇರ್ ಆಯಿಲ್ ಕ್ರ್ಯಾಂಕ್‌ಕೇಸಿನೊಳಗೆ ಎಳೆದುಕೊಂಡು ಉರಿಯುತ್ತಿರುವ ಸಂಭವ ಹೆಚ್ಚು. ಗೇರ್ ಆಯಿಲ್ ಮಟ್ಟ ಇಳಿದಿದ್ದರೆ ಸಂದೇಹವೇ ಉಳಿಯುವುದಿಲ್ಲ. ಡೈನಮೊ ಕಡೆಯ ಸೀಲು ಹೋದಾಗ ಲಕ್ಷಣ ಬೇರೆ. ಅಲ್ಲಿಂದ ಗಾಳಿ ನುಗ್ಗಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಆ್ಯಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಬೇಗ ಇಳಿಯುವುದಿಲ್ಲ, ಸಿಲಿಂಡರ್ ಮಿತಿಮೀರಿ ಕಾಯುತ್ತದೆ. ಇದನ್ನು ಹಾಗೆಯೇ ಓಡಿಸಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಸೀಲುಗಳ ಬೆಲೆ ಹೆಚ್ಚಲ್ಲ, ಎಂಜಿನ್ ಬಿಚ್ಚುವ ಕೂಲಿಯೇ ಹೆಚ್ಚು. ಹಾಗಾಗಿ ಒಂದು ಸೀಲಿಗಾಗಿ ಬಿಚ್ಚಿದಾಗ ಎರಡನ್ನೂ ಬದಲಿಸಿ, ಕ್ರ್ಯಾಂಕ್ ಬೇರಿಂಗುಗಳನ್ನೂ ನೋಡಿಸುವುದು ಜಾಣತನ. ಇದರ ಖರ್ಚನ್ನು ಹೇಳಿದ ಬೆಲೆಯಿಂದ ಕಳೆಯಬೇಕೆಂದು ಕೇಳಬಹುದು, ಕೇಳಲೇಬೇಕು.

ಪ್ಲಗ್ಗಿಗೆ ಕಿಡಿ ಒದಗಿಸುವ ಕಂಡೆನ್ಸರ್, ಪಾಯಿಂಟುಗಳ ಕೆಲಸ ಚಿಕ್ಕದು. ಪಾಯಿಂಟಿನ ಅಂತರ 0.4 ಮಿ.ಮೀ. ಆಸುಪಾಸು ಇದ್ದರೆ ಸಾಕು. ಹಳೆಯ 6 ವೋಲ್ಟ್ ವೈರಿಂಗ್ ಮಾತ್ರ ಕಾಟ ಕೊಡುತ್ತದೆ. ಅದನ್ನು 12 ವೋಲ್ಟಿಗೆ ಬದಲಿಸಿರುವ ಬೈಕಾದರೆ ಬಲ್ಬು, ಹಾರ್ನು, ಚಾರ್ಜಿಂಗ್ ಮೂರೂ ಸರಿಯಿವೆಯೇ ಎಂದು ಎಂಜಿನ್ ಓಡುತ್ತಿರುವಾಗಲೇ ನೋಡಬೇಕು.

ಓಡಿಸಿ ನೋಡುವಾಗ ಇಂದಿನ ಬೈಕಿನ ಅಳತೆಗೋಲನ್ನು ಬದಿಗಿಡಬೇಕು. 2018ರ ನವೆಂಬರಿನಲ್ಲಿ ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ತಂದ ಹೊಸ ಜಾವಾ 293 ಸಿಸಿಯ, ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಬೈಕು. 2022ರಲ್ಲಿ ಬಂದ ಹೊಸ ಯೆಜ್ಡಿಗಳಲ್ಲಿ 334 ಸಿಸಿ ಎಂಜಿನ್ ಇದೆ. ಹಳೆಯದರ ರೂಪ ಮತ್ತು ಹೆಸರನ್ನು ಅವು ಮುಂದುವರಿಸಿವೆ, ಯಂತ್ರವಾಗಿ ಅವು ಬೇರೆಯೇ. ಡಿಸ್ಕ್ ಬ್ರೇಕು, ಸೆಲ್ಫ್ ಸ್ಟಾರ್ಟು, ಪ್ರತಿದಿನದ ಭರವಸೆ ಬೇಕೆನ್ನುವವರಿಗೆ ಹೊಸದೇ ತಕ್ಕದ್ದು, ಅದರಲ್ಲಿ ಕೀಳರಿಮೆಯೇನೂ ಬೇಡ. ಹಳೆಯದರಲ್ಲಿ ನೋಡಬೇಕಾದದ್ದು ಬೇರೆ: ನೇರ ರಸ್ತೆಯಲ್ಲಿ ಬೈಕು ಒಂದು ಕಡೆಗೆ ಎಳೆಯುತ್ತದೆಯೇ, ಗುಂಡಿಯಲ್ಲಿ ಇಳಿದಾಗ ಹಿಂಬದಿ ಅಲುಗುತ್ತದೆಯೇ, ಎರಡು ಮತ್ತು ಮೂರನೆಯ ಗೇರು ತಾನಾಗಿ ಜಾರುತ್ತದೆಯೇ, ಡ್ರಮ್ ಬ್ರೇಕು ಹಿಡಿದಾಗ ಬಿಟ್ಟು ಬಿಟ್ಟು ಹಿಡಿಯುತ್ತದೆಯೇ. ಜಾವಾಗಳಲ್ಲಿ ಗೇರ್ ಲಿವರ್ ಒತ್ತಿದಾಗ ಕ್ಲಚ್ ಕೂಡ ತಾನೇ ಬಿಡುವ ಏರ್ಪಾಡಿತ್ತು. ಅದು ಇಂದಿಗೂ ಕೆಲಸ ಮಾಡುವ ಬೈಕನ್ನು ತಿಳಿದ ಕೈಗಳು ನೋಡಿಕೊಂಡಿವೆ ಎಂದು ಧೈರ್ಯವಾಗಿ ಭಾವಿಸಬಹುದು. ಅಂಥದ್ದನ್ನು ಓಡಿಸುವ ಸಂತೋಷವನ್ನು ಬೇರೆ ಯಾವ ಬೈಕೂ ನನಗೆ ಕೊಟ್ಟಿಲ್ಲ.

ಕೊಂಡು ತಂದ ಮೇಲೆ ದೂರ ಪ್ರಯಾಣಕ್ಕೆ ಹೊರಡುವ ಮುನ್ನ ಗೇರ್ ಆಯಿಲ್ ಬದಲಿಸಿ, ಟ್ಯಾಂಕು ತೊಳೆದು, ಪೆಟ್ರೋಲ್ ಪೈಪನ್ನು ಹೊಸದಾಗಿ ಹಾಕಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರ ತನಕ ಎಥೆನಾಲ್ ಇರುವುದರಿಂದ ಹಳೆಯ ರಬ್ಬರು ಭಾಗಗಳು ಮೆತ್ತಗಾಗಿ ಬಿರಿಯುತ್ತವೆ. ಎಥೆನಾಲ್ ತೇವವನ್ನು ಹೀರುವುದರಿಂದ, ತಿಂಗಳುಗಟ್ಟಲೆ ನಿಲ್ಲಿಸುವ ಬೈಕಿನ ಟ್ಯಾಂಕಿನಲ್ಲಿ ಅದನ್ನು ಬಿಡುವುದು ತುಕ್ಕಿಗೆ ದಾರಿ. ಪೆಟ್ರೋಲಿಗೆ ಬೆರೆಸುವ ಟೂ ಸ್ಟ್ರೋಕ್ ಆಯಿಲಿಗೆ ಲೀಟರಿಗೆ 40 ಮಿ.ಲೀ. ಲೆಕ್ಕವನ್ನು ಅನುಸರಿಸುವವರು ಹೆಚ್ಚು. ಅಳೆಯುವ ಪಾತ್ರೆ ಬೈಕಿನ ಜೊತೆಯಲ್ಲೇ ಇರಲಿ, ಅಂದಾಜಿನಲ್ಲಿ ಸುರಿಯುವುದು ಬೇಡ. ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಆ್ಯಕ್ಸಿಲರೇಟರ್ ಪೂರ್ತಿ ಮುಚ್ಚಿ ಎಂಜಿನ್ ಹಿಡಿತದಲ್ಲೇ ಬಹಳ ಹೊತ್ತು ಇಳಿಯಬಾರದು. ಪೆಟ್ರೋಲಿನೊಂದಿಗೇ ಆಯಿಲ್ ಬರುವ ಎಂಜಿನ್ನಿಗೆ ಆ ಹೊತ್ತಿನಲ್ಲಿ ಸಾಕಷ್ಟು ಜಿಡ್ಡು ಸಿಗುವುದಿಲ್ಲ. ನಡುನಡುವೆ ಆ್ಯಕ್ಸಿಲರೇಟರನ್ನು ಸ್ವಲ್ಪ ತೆರೆದು ಮುಚ್ಚುತ್ತಿರಬೇಕು. ಸೈಲೆನ್ಸರುಗಳ ಒಳಗಿನ ಜಾಲರಿ ಕೊಳವೆಯನ್ನು ತೆಗೆದು ಮಸಿ ಕೆರೆಯುವ ಕೆಲಸವನ್ನೂ ಕೊಂಡು ತಂದಾಗಲೇ ಮಾಡಿಸಿಬಿಡಬೇಕು, ಎಳೆತ ಕಡಿಮೆಯಾದ ಎಷ್ಟೋ ಯೆಜ್ಡಿಗಳ ತೊಂದರೆ ಅಷ್ಟೇ ಆಗಿರುತ್ತದೆ. ಕೊಳವೆಯನ್ನು ಕಿತ್ತು ಸದ್ದು ಹೆಚ್ಚಿಸಿಕೊಂಡಿದ್ದರೆ ಅದನ್ನು ಮತ್ತೆ ಹಾಕಿಸಬೇಕು. ಈ ಎಂಜಿನ್ನಿನ ಎಳೆತ ಸೈಲೆನ್ಸರಿನ ಒಳರಚನೆಯನ್ನೂ ಅವಲಂಬಿಸಿದೆ. ಹೆಸರು ವರ್ಗಾವಣೆಯ ಅರ್ಜಿಯನ್ನು ಕೊಂಡವರು 30 ದಿನಗಳೊಳಗೆ ಸಲ್ಲಿಸಬೇಕು, ವಿಮೆಯನ್ನೂ ಜೊತೆಯಲ್ಲೇ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಮತ್ತು ಅವೆರಡೂ ಕೈಗೆ ಬರುವ ತನಕ ಮಾರಿದವರಿಂದ ಬರೆಸಿಕೊಂಡ ರಸೀದಿಯ ಪ್ರತಿಯನ್ನು ಬೈಕಿನ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡಿರಬೇಕು.