ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟುವಿಕೆಗೆ ಎದುರು ಸದ್ದು

50 ಹರ್ಟ್ಸ್ ಲೈನಿನಲ್ಲಿ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟುವುದು 100 ಹರ್ಟ್ಸ್‌ನಲ್ಲಿ, ಜೊತೆಗೆ 200, 300ರಲ್ಲಿ. ಕೋರಿನ ತಗಡು ಒಂದು ಸೈಕಲ್‌ಗೆ ಎರಡು ಸಲ ಹಿಗ್ಗಿ ಕುಗ್ಗುತ್ತದೆ. ಆ ನಡುಕ ಎಣ್ಣೆ ದಾಟಿ ಟ್ಯಾಂಕಿನ ಗೋಡೆಯನ್ನು ಅಲುಗಿಸುತ್ತದೆ.

ಇದನ್ನು ಅಡಗಿಸಲು ಗೋಡೆಗೆ ತದ್ವಿರುದ್ಧವಾದ ನಡುಕ ಕೊಡಬೇಕು. ಲೈನ್ ಆಫ್ ಮಾಡಿಸಿ, ಗೋಡೆ ಹೆಚ್ಚು ನಡುಗುವ ಕಡೆ ಶೇಕರ್ (ಸಿಗ್ನಲ್‌ಗೆ ತಕ್ಕಂತೆ ಗೋಡೆಯನ್ನು ಅಲುಗಿಸುವ ಸಾಧನ) ಕೂರಿಸಿ. ಎದುರು ಸದ್ದಿಗೆ ತಾಳ ಕೊಡುವ ರೆಫರೆನ್ಸ್ ಸಿಗ್ನಲ್ಲನ್ನು ಲೈನಿನ ವೋಲ್ಟೇಜ್‌ನಿಂದಲೇ ಪಡೆಯಿರಿ. ಅಡಗದೆ ಉಳಿದದ್ದನ್ನು ಅಳೆಯಲು ಗೋಡೆಯ ಸೆನ್ಸರ್ ಒಂದನ್ನೇ ನಂಬಬೇಡಿ, ಹೊರಗೆ ಮೈಕುಗಳಿರಲಿ: ನಡುಕ ಇಳಿದರೂ ಸದ್ದು ಇಳಿಯದಿರಬಹುದು.

ಶೇಕರ್ ನಡೆಸುವ ಕಂಟ್ರೋಲರ್ ಚಾಲೂ ಮಾಡುವ ಮೊದಲು ಶೇಕರ್‌ನಿಂದ ಮೈಕಿನವರೆಗಿನ ದಾರಿಯನ್ನು, ಅಂದರೆ ಸಿಗ್ನಲ್ ಅಲ್ಲಿಗೆ ಮುಟ್ಟುವಾಗ ಎಷ್ಟು ಬದಲಾಗುತ್ತದೆ, ಎಷ್ಟು ತಡವಾಗುತ್ತದೆ ಎಂಬುದನ್ನು, ಅಳೆಯಲೇಬೇಕು. ಆ ಅಳತೆಯಲ್ಲಿ ಫೇಸ್ (ಅಲೆಯ ಏರಿಳಿತದ ಹೊತ್ತು; ಒಂದು ಪೂರ್ತಿ ಸೈಕಲ್ ಅಂದರೆ 360 ಡಿಗ್ರಿ) 90 ಡಿಗ್ರಿಗಿಂತ ಹೆಚ್ಚು ತಪ್ಪಿದರೆ ಸದ್ದು ಅಡಗುವ ಬದಲು ಏರುತ್ತಾ ಹೋಗುತ್ತದೆ. ತಣ್ಣಗಿದ್ದಾಗ ಅಳೆದದ್ದು ಎಣ್ಣೆ ಬಿಸಿಯಾದ ಮೇಲೆ ಹೊಂದದಿರಬಹುದು, ಲೋಡ್ ಇರುವಾಗ ಮತ್ತೆ ಅಳೆಯಿರಿ.